ಕಣ್ಣು ಮಂಜಾದರೆ ಕತ್ತಿಗೆ ಆಪರೇಷನ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ಅಪ್ಪನಿಗೆ 67 ವರ್ಷ. ಸೇನೆಯಿಂದ ನಿವೃತ್ತರಾದ ಮೇಲೆ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. 12 ವರ್ಷದಿಂದ ಬಿಪಿ, 8 ವರ್ಷದಿಂದ ಶುಗರ್ ಇದೆ. ದಿನಕ್ಕೆ ಹತ್ತು ಸಿಗರೇಟಾದರೂ ಬೇಕು. ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿ ಇಡುವಾಗ ಬಲಗಣ್ಣಿಗೆ ಮೇಲಿನಿಂದ ಪರದೆ ಇಳಿದ ಹಾಗಾಯಿತಂತೆ. ಐದು ನಿಮಿಷದಲ್ಲಿ ಸರಿಹೋಯಿತು ಅಂತ ಯಾರಿಗೂ ಹೇಳಲಿಲ್ಲ. ನವೆಂಬರ್‌ನಿಂದ ಅದೇ ಕಣ್ಣು ಮಂಜು. ಹುಬ್ಬಿನ ಮೇಲೆ ಮಂದ ನೋವು, ಮಲಗಿದರೆ ಸ್ವಲ್ಪ ಕಡಿಮೆ. ಕಣದಲ್ಲಿ ಕಾಫಿ ಹರವಿ ಮನೆಯೊಳಗೆ ಬಂದರೆ ಹತ್ತು ನಿಮಿಷ ಆ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಪೊರೆ ಇರಬೇಕು ಅಂದುಕೊಂಡೆವು. ಮೈಸೂರಿನಲ್ಲಿ ತೋರಿಸಿದರೆ, ಕಣ್ಣಿನ ಹಿಂದೆ ರಕ್ತದ ಚುಕ್ಕೆಗಳಿವೆ, ಐರಿಸ್ (ಕಣ್ಣಿನ ಬಣ್ಣದ ಭಾಗ) ಮೇಲೆ ಹೊಸ ರಕ್ತನಾಳ ಬೆಳೆದಿದೆ, ಕಣ್ಣಿನ ಪ್ರೆಶರ್ 24 ಇದೆ ಅಂದರು. ಕತ್ತಿಗೆ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಬಲಗಡೆ ರಕ್ತನಾಳ ನೂರಕ್ಕೆ 90 ಭಾಗ, ಎಡಗಡೆ 40 ಭಾಗ ಕಿರಿದಾಗಿದೆಯಂತೆ. ಕಣ್ಣಿಗೆ ಇಂಜೆಕ್ಷನ್, ಲೇಸರ್. ಕತ್ತಿಗೆ ಆಪರೇಷನ್ ಇಲ್ಲವೇ ಸ್ಟೆಂಟ್ ಅಂತ ಹೇಳಿದ್ದಾರೆ. ಅಪ್ಪ ಕೇಳುವುದು ಒಂದೇ ಮಾತು: 'ಕಾಣದೇ ಇರುವುದು ಕಣ್ಣು, ಕತ್ತು ಯಾಕೆ ಕೊಯ್ಯಬೇಕು?' ಕತ್ತು ಮುಟ್ಟಿದರೆ ಲಕ್ವ ಹೊಡೆಯುತ್ತದೆ ಅಂತ ನೆಂಟರು ಹೆದರಿಸಿದ್ದಾರೆ. ಎಣ್ಣೆ ಹಚ್ಚಿ ತಿಕ್ಕಿಸಿದರೆ ನರದ ಬ್ಲಾಕ್ ಬಿಡುತ್ತದೆ ಅನ್ನುವವರೂ ಇದ್ದಾರೆ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂತ ಅಪ್ಪ ಕೂತಿದ್ದಾರೆ. ದೃಷ್ಟಿ ವಾಪಸ್ ಬರುತ್ತದಾ? ಮುಂದಿನ ವರ್ಷ ಅವರು ಕೋವಿ ಹಿಡಿಯಬಹುದಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ. ಕೊಯ್ಲು ಮುಗಿಯುವ ತನಕ ಕಾಯಬೇಡಿ. ಇದು ವಾರಗಳ ಲೆಕ್ಕದ ಕಾಯಿಲೆ. ಕೊಯ್ಲು ಆದ ಮೇಲೆ ಹೂಮಳೆಗೆ ಸ್ಪ್ರಿಂಕ್ಲರ್ ಹಾಕುವ ಕೆಲಸ ಬರುತ್ತದೆ, ಅದಾದ ಮೇಲೆ ಮೆಣಸು, ಆಮೇಲೆ ಮಳೆಗಾಲ. ತೋಟದವರಿಗೆ ಪುರುಸೊತ್ತು ಅನ್ನುವ ತಿಂಗಳೇ ಇಲ್ಲ. ಹಾಗೆ ಕಾದು, ಜೂನ್ ತಿಂಗಳಲ್ಲಿ ಕೆಂಪಗೆ ಊದಿದ ಕಣ್ಣು ಹಿಡಿದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಆಗ ದೃಷ್ಟಿಯ ಮಾತು ಬಿಟ್ಟು ನೋವು ಇಳಿಸುವುದಷ್ಟೇ ನಮ್ಮ ಕೈಲಿರುತ್ತದೆ.

ಈಗ ನಿಮ್ಮ ತಂದೆಯವರ ಪ್ರಶ್ನೆಗೆ ಬರೋಣ. ಅದು ಸರಿಯಾದ ಪ್ರಶ್ನೆ. ಉತ್ತರ ಅವರ ತೋಟದಲ್ಲೇ ಇದೆ.

ಸ್ಪ್ರಿಂಕ್ಲರ್ ಲೈನ್ ಹಾಕಿದಾಗ ಏನಾಗುತ್ತದೆ? ಕೆರೆ ಹತ್ತಿರ ಮೋಟರ್, ಅಲ್ಲಿಂದ ಪೈಪು, ಕೊನೆಯಲ್ಲಿ ಜೆಟ್. ನಡುವೆ ಎಲ್ಲೋ ಪೈಪು ಮುಕ್ಕಾಲು ಭಾಗ ಕಟ್ಟಿಕೊಂಡಿದೆ ಅಂದುಕೊಳ್ಳಿ. ಮೋಟರ್ ಚೆನ್ನಾಗಿಯೇ ಓಡುತ್ತಿರುತ್ತದೆ, ಕೊನೆಯ ಜೆಟ್ ಮಾತ್ರ ತಿರುಗುವುದಿಲ್ಲ, ಸುಮ್ನೆ ತೊಟ್ಟಿಕ್ಕುತ್ತಿರುತ್ತದೆ. ಅಲ್ಲಿಯ ಗಿಡಗಳಿಗೆ ಹೂ ಅರಳುವಷ್ಟು ನೀರು ಸಿಗುವುದಿಲ್ಲ. ಜೆಟ್ ಬದಲಾಯಿಸಿದರೆ ಸರಿಹೋಗುತ್ತದಾ? ಇಲ್ಲ ಅಲ್ವಾ. ಕಣ್ಣು ಆ ಕೊನೆಯ ಜೆಟ್. ಕತ್ತಿನ ರಕ್ತನಾಳ, ಅಂದರೆ ಕ್ಯಾರೋಟಿಡ್, ಆ ಪೈಪು.

ಕತ್ತಿನ ಎರಡೂ ಬದಿಯಲ್ಲಿ ಒಂದೊಂದು ಕ್ಯಾರೋಟಿಡ್ ಇದೆ. ಗಂಟಲ ಗಂಟಿನ ಮಟ್ಟದಲ್ಲಿ ಅದು ಎರಡಾಗಿ ಒಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮೆದುಳಿಗೆ. ಮೆದುಳಿಗೆ ಹೋಗುವ ಕವಲಿನಿಂದ ಮೊದಲು ಹೊರಡುವ ದೊಡ್ಡ ಕೊಂಬೆಯೇ ಕಣ್ಣಿನದು. ಕವಲು ಒಡೆಯುವ ಆ ಜಾಗದಲ್ಲಿ ರಕ್ತ ಸುಳಿ ತಿರುಗುತ್ತದೆ. ಕೊಬ್ಬು, ಸುಣ್ಣ ಕಟ್ಟುವುದು ಅಲ್ಲೇ. ಸಿಗರೇಟು, ಬಿಪಿ, ಶುಗರ್, ಕೊಲೆಸ್ಟ್ರಾಲ್ ಸೇರಿ ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಂಡು ಗೋಡೆ ದಪ್ಪ ಮಾಡುತ್ತವೆ. ಕತ್ತು ನೋಯುವುದಿಲ್ಲ. ಹೊರಗಿನಿಂದ ನಾಡಿ ಮುಟ್ಟಿದರೆ ಬಡಿತ ಸಿಗುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ನಾಳ ಅರ್ಧ ಮುಚ್ಚಿದರೂ ಕಣ್ಣಿಗೆ ತೊಂದರೆ ಆಗುವುದಿಲ್ಲ. ಮೆದುಳಿನ ಬುಡದಲ್ಲಿ ಎಡ, ಬಲ, ಹಿಂದಿನ ನಾಳಗಳು ಉಂಗುರದ ಹಾಗೆ ಸೇರಿಕೊಂಡಿವೆ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆಯಿಂದ ರಕ್ತ ಬರುತ್ತದೆ. ಆದರೆ 90 ಭಾಗದಷ್ಟು ಮುಚ್ಚಿದಾಗ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ) ಮುಖ್ಯ ನಾಳದಲ್ಲಿ ರಕ್ತದ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಂಗುರದ ದಾರಿ ಕೆಲವರಲ್ಲಿ ಹುಟ್ಟಿನಿಂದಲೇ ಸಣ್ಣದು. ಅಂಥವರ ಕಣ್ಣು ಹಸಿಯತೊಡಗುತ್ತದೆ. ಇದನ್ನೇ ನಾವು ಆಕ್ಯುಲರ್ ಇಸ್ಕೀಮಿಕ್ ಸಿಂಡ್ರೋಮ್ ಅನ್ನುತ್ತೇವೆ, ಕಣ್ಣಿಗೆ ರಕ್ತ ಸಾಲದ ಕಾಯಿಲೆ. 65 ವರ್ಷದ ಆಸುಪಾಸಿನವರಿಗೆ, ಹೆಂಗಸರಿಗಿಂತ ಗಂಡಸರಿಗೆ ಎರಡರಷ್ಟು ಜಾಸ್ತಿ ಬರುತ್ತದೆ. ಐವರಲ್ಲಿ ಒಬ್ಬರಿಗೆ ಎರಡೂ ಕಣ್ಣಿಗೆ ಬರಬಹುದು.

ನೀವು ಬರೆದ ಒಂದೊಂದು ಗುರುತೂ ಇದಕ್ಕೆ ಹೊಂದುತ್ತದೆ. ಹುಬ್ಬಿನ ಮೇಲಿನ ನೋವು ಮಲಗಿದಾಗ ಕಡಿಮೆ ಆಗುವುದು, ಮಲಗಿದರೆ ರಕ್ತ ಸುಲಭವಾಗಿ ತಲೆಗೆ ಬರುವುದರಿಂದ. ಕಣದ ವಿಷಯ ಓದಿದಾಗಂತೂ ನನಗೆ ಕಾಯಿಲೆ ಕಣ್ಣ ಮುಂದೆ ಬಂದಂತಾಯಿತು. ಜನವರಿಯ ಬಿಸಿಲು, ಸಿಮೆಂಟ್ ಕಣ, ಅದರ ಮೇಲೆ ಹರವಿದ ಕಾಫಿ. ಬಲವಾದ ಬೆಳಕು ಬಿದ್ದಾಗ ರೆಟಿನಾ ತನ್ನ ಬಣ್ಣದ ಪದಾರ್ಥವನ್ನೆಲ್ಲ ಖರ್ಚು ಮಾಡುತ್ತದೆ. ಅದನ್ನು ಮತ್ತೆ ಕೂಡಿಸಲು ಆಮ್ಲಜನಕ ಬೇಕು. ಒಳ್ಳೆಯ ಕಣ್ಣು ಅರ್ಧ ಒಂದು ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತದೆ. ರಕ್ತ ಸಾಲದ ಕಣ್ಣಿಗೆ ಹತ್ತು ನಿಮಿಷ ಬೇಕು. ಪೊರೆಯಲ್ಲಿ ಬಿಸಿಲು ಕುಕ್ಕುತ್ತದೆ, ನಿಜ. ಆದರೆ ಒಳಗೆ ಬಂದ ಮೇಲೆ ಇಷ್ಟು ಹೊತ್ತು ಕತ್ತಲೆ ಕಟ್ಟುವುದಿಲ್ಲ. ಓದುಗರಲ್ಲಿ ಬೇರೆ ಯಾರ ಮನೆಯಲ್ಲಾದರೂ ಹೀಗೆ ಒಂದೇ ಕಣ್ಣಿಗೆ ಆಗುತ್ತಿದ್ದರೆ ದಯವಿಟ್ಟು ತಳ್ಳಿಹಾಕಬೇಡಿ.

ಶುಗರ್‌ನಿಂದಲೂ ಕಣ್ಣಿನ ಹಿಂದೆ ರಕ್ತದ ಚುಕ್ಕೆ ಬರುತ್ತದೆ. ಆದರೆ ಶುಗರ್ ಸಾಮಾನ್ಯವಾಗಿ ಎರಡೂ ಕಣ್ಣನ್ನು ಹಿಡಿಯುತ್ತದೆ. ಒಂದೇ ಕಣ್ಣಿನಲ್ಲಿ, ಅದರಲ್ಲೂ ನಡುಭಾಗ ಬಿಟ್ಟು ಸುತ್ತಲಿನ ಜಾಗದಲ್ಲಿ ಚುಕ್ಕೆಗಳಿದ್ದರೆ ಕತ್ತಿನ ಮೇಲೆ ಅನುಮಾನ ಪಡಬೇಕು. ನಿಮ್ಮನ್ನು ನೋಡಿದ ಡಾಕ್ಟರು ಪಟ್ಟರು, ಡಾಪ್ಲರ್ ಬರೆದರು. ಒಳ್ಳೆಯ ಕೆಲಸ ಮಾಡಿದ್ದಾರೆ.

ಇನ್ನು ಸೆಪ್ಟೆಂಬರ್‌ನ ಆ ಐದು ನಿಮಿಷ. ಕೋವಿ ಎತ್ತಿ ಎಡಗಣ್ಣು ಮುಚ್ಚಿದ್ದರಿಂದ ಅದು ಗೊತ್ತಾಯಿತು. ಎರಡೂ ಕಣ್ಣು ತೆರೆದಿದ್ದರೆ ತಿಳಿಯುತ್ತಲೇ ಇರಲಿಲ್ಲವೇನೋ. ಇದು ಮಂಜಾಗುವುದಕ್ಕಿಂತ ಬೇರೆ ಘಟನೆ. ಪೈಪಿನ ಒಳಗಿನ ಕಸದ ಒಂದು ಚೂರು ಕಿತ್ತು ಬಂದು ಜೆಟ್‌ನ ತೂತಿಗೆ ಸಿಕ್ಕಿಕೊಂಡು, ಒತ್ತಡಕ್ಕೆ ಮತ್ತೆ ಹೊರಬಿದ್ದ ಹಾಗೆ. ಕತ್ತಿನ ನಾಳದ ಕೊಬ್ಬಿನ ಚೂರೋ ಹೆಪ್ಪಿನ ಚೂರೋ ರೆಟಿನಾಕ್ಕೆ ಬಂದು ಕರಗಿ ಹೋಗಿರಬೇಕು. ಅದೇ ಚೂರು ಪಕ್ಕದ ದಾರಿ ಹಿಡಿದಿದ್ದರೆ ಮೆದುಳಿಗೆ ಹೋಗುತ್ತಿತ್ತು. ಆಗ ಅದರ ಹೆಸರು ಲಕ್ವ. ಸರಿಹೋಯಿತು ಅಂತ ಸುಮ್ಮನಿರುವ ವಿಷಯ ಇದಲ್ಲ. ಕಣ್ಣಿಗೆ ಪರದೆ ಇಳಿದು ಐದು ನಿಮಿಷಕ್ಕೆ ಎದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಾಗಾಗಿ ನಿಮ್ಮ ತಂದೆಯವರಿಗೆ ಹೀಗೆ ಹೇಳಿ: ಕತ್ತಿನ ಆಪರೇಷನ್ ಮುಖ್ಯವಾಗಿ ಕಣ್ಣಿಗಾಗಿ ಅಲ್ಲ, ಮೆದುಳಿಗಾಗಿ. ಕಣ್ಣು ಮೊದಲೇ ಸುದ್ದಿ ಕೊಟ್ಟಿದೆ. ಕಣ್ಣಿಗೆ ಬೇಕಾದ ಚಿಕಿತ್ಸೆ ಬೇರೆಯೇ ಇದೆ. ಎರಡೂ ಆಗಬೇಕು. ಒಂದು ಮಾಡಿಸಿದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ಕತ್ತನ್ನು ತಿಕ್ಕಿಸಬೇಡಿ. ನಮ್ಮಲ್ಲಿ ನರಕ್ಕೂ ನರ ಅಂತಾರೆ, ರಕ್ತನಾಳಕ್ಕೂ ನರ ಅಂತಾರೆ. ಆ ಒಂದು ಪದದಿಂದ ಎಷ್ಟು ಅನಾಹುತ ಆಗಿದೆ ಅಂದರೆ, ರಕ್ತನಾಳ ಕಟ್ಟಿದವರು ತಿಂಗಳುಗಟ್ಟಲೆ ನರದ ವಿಟಮಿನ್ ಮಾತ್ರೆ ನುಂಗುತ್ತಾ ಕೂರುತ್ತಾರೆ. ನಿಮ್ಮ ತಂದೆಯವರದ್ದು ನರದ ತೊಂದರೆ ಅಲ್ಲ. ಕಿರಿದಾದ ನಾಳದ ಒಳಗೆ ಸಡಿಲವಾದ ಕೊಬ್ಬು, ಹೆಪ್ಪು ಇರುತ್ತದೆ. ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ ತಿಕ್ಕಿದರೆ ಅದು ಕಿತ್ತು ಮೇಲೆ ಹೋಗಬಹುದು. ಜೊತೆಗೆ ಅಲ್ಲೇ ಬಿಪಿ, ಹೃದಯದ ಬಡಿತ ನೋಡಿಕೊಳ್ಳುವ ಒಂದು ಜಾಗ ಇದೆ. ಅದನ್ನು ಒತ್ತಿದರೆ ಬಡಿತ ಇಳಿದು ತಲೆ ಸುತ್ತಿ ಬೀಳಬಹುದು. ಎಣ್ಣೆ ಹಚ್ಚಲೇಬೇಕು ಅಂದರೆ ಮಂಡಿಗೆ ಹಚ್ಚಲಿ, ಕತ್ತು ಬೇಡ.

ಬೆಳ್ಳುಳ್ಳಿ, ನುಗ್ಗೆಸೊಪ್ಪು, ಕೊಡಗಿನ ಹುಳಿ ಕಾಚಂಪುಳಿ ಕೊಬ್ಬು ಕರಗಿಸುತ್ತವೆ ಅನ್ನುವ ಮಾತು ನಿಮ್ಮ ಕಡೆ ನಾನು ಜಾಸ್ತಿ ಕೇಳಿದ್ದೇನೆ. ಅಡುಗೆಗೆ ಎಲ್ಲವೂ ಚೆನ್ನ. ಆದರೆ ನಾಳದ ಗೋಡೆಯಲ್ಲಿ ಸುಣ್ಣದ ಜೊತೆ ಗಟ್ಟಿಯಾದ ಕೊಬ್ಬನ್ನು ಯಾವ ಹುಳಿಯೂ ಕರಗಿಸುವುದಿಲ್ಲ. ಹಾಗೆಯೇ, ಪಂದಿಕರಿ ತಿಂದಿದ್ದರಿಂದಲೇ ಹೀಗಾಯಿತು ಅಂತ ಅವರನ್ನು ದೂರುವುದೂ ಬೇಡ. ಹಬ್ಬಕ್ಕೊಮ್ಮೆ ಕಡಂಬುಟ್ಟಿನ ಜೊತೆ ನಾಲ್ಕು ತುಂಡು ತಿನ್ನಲಿ, ಕೊಬ್ಬಿನ ತುಂಡು ಬಿಡಲಿ. ದಿನದಿನದ ಹತ್ತು ಸಿಗರೇಟು ಮಾಡಿದ ಹಾನಿಯ ಮುಂದೆ ಇದು ಏನೂ ಅಲ್ಲ. ಸಿಗರೇಟಿನಲ್ಲಿ ಮಾತ್ರ 'ಕಡಿಮೆ ಮಾಡುತ್ತೇನೆ' ಎಂಬ ರಾಜಿ ಬೇಡ. ಪೂರ್ತಿ ನಿಲ್ಲಬೇಕು. ಒಬ್ಬರಿಂದಲೇ ಆಗದಿದ್ದರೆ ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆ ಇವೆ. ಕೇಳಲು ನಾಚಿಕೆ ಬೇಡ.

ಇನ್ನೊಂದು ಎಚ್ಚರಿಕೆ, ಇದನ್ನು ಹೇಳುವವರು ಕಡಿಮೆ. ಗಾಬರಿಯಲ್ಲಿ ಬಿಪಿ ಮಾತ್ರೆಯನ್ನು ನೀವೇ ಜಾಸ್ತಿ ಮಾಡಬೇಡಿ. ಪೈಪು ಕಟ್ಟಿರುವಾಗ ಮೋಟರ್‌ನ ಒತ್ತಡ ಒಮ್ಮೆಲೇ ಇಳಿಸಿದರೆ ಕೊನೆಗೆ ಬರುತ್ತಿದ್ದ ಅಷ್ಟಿಷ್ಟು ನೀರೂ ನಿಲ್ಲುತ್ತದೆ. ಬಿಪಿ ಹತೋಟಿಯಲ್ಲಿರಬೇಕು, ಆದರೆ ಕತ್ತಿನ ದಾರಿ ಸರಿಯಾಗುವ ತನಕ ತೀರಾ ಕೆಳಗೆ ಇಳಿಯಬಾರದು. ಎಷ್ಟಿರಬೇಕು ಅಂತ ಫಿಸಿಷಿಯನ್ ಹೇಳಲಿ.

ಈಗ ಕಣ್ಣಿನ ಚಿಕಿತ್ಸೆ. ಹಸಿದ ರೆಟಿನಾ ಸುಮ್ಮನಿರುವುದಿಲ್ಲ. 'ಹೊಸ ನಾಳ ಬೆಳೆಸಿ, ರಕ್ತ ಕಳಿಸಿ' ಎಂದು ಒಂದು ರಾಸಾಯನಿಕ ಸುರಿಸುತ್ತದೆ, ಅದರ ಹೆಸರು ವಿಇಜಿಎಫ್. ಆದರೆ ಬೆಳೆಯುವ ನಾಳಗಳು ಪ್ರಯೋಜನದವಲ್ಲ. ಅವು ಐರಿಸ್ ಮೇಲೆ ಹಬ್ಬಿ, ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆಯನ್ನು ಮುಚ್ಚುತ್ತವೆ. ಆಗ ಕಣ್ಣಿನ ಪ್ರೆಶರ್ 40, 50ಕ್ಕೆ ಏರಿ ಕಣ್ಣು ಕೆಂಪಾಗಿ ವಿಪರೀತ ನೋಯುತ್ತದೆ. ಇದು ಈ ಕಾಯಿಲೆಯ ಅತಿ ಕೆಟ್ಟ ತಿರುವು. ನಿಮ್ಮ ತಂದೆಯವರು ಆ ತಿರುವಿನ ಹೊಸ್ತಿಲಲ್ಲಿದ್ದಾರೆ. ಸಾಮಾನ್ಯ ಪ್ರೆಶರ್ 10ರಿಂದ 21. ಅವರದು 24. ಕೇಳಿದರೆ ಸ್ವಲ್ಪವೇ ಜಾಸ್ತಿ ಅನ್ನಿಸುತ್ತದೆ. ಆದರೆ ರಕ್ತ ಸಾಲದ ಕಣ್ಣಿನಲ್ಲಿ ನೀರು ತಯಾರಾಗುವುದೇ ಕಡಿಮೆ. ನೀರು ಕಡಿಮೆ ಇದ್ದೂ 24 ಬಂದಿದೆ ಅಂದರೆ, ಹೊರಹೋಗುವ ಮೂಲೆ ಮುಚ್ಚತೊಡಗಿರಬಹುದು ಅಂತ ಅರ್ಥ.

ಮೊದಲ ಕೆಲಸ ಇಂಜೆಕ್ಷನ್. ಬೆವಾಸಿಜುಮಾಬ್ ಅಥವಾ ಅದೇ ಜಾತಿಯ ಔಷಧಿ. ಕಣ್ಣಿಗೆ ಸೂಜಿ ಅಂದರೆ ಯಾರಿಗೂ ಎದೆ ಝಲ್ಲೆನ್ನುತ್ತದೆ. ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್‌ನಿಂದ ತೊಳೆದು, ಬಿಳಿಗುಡ್ಡೆಯ ಮೂಲಕ ಕೂದಲಿನಂಥ ಸೂಜಿಯಲ್ಲಿ ಕೊಡುವುದು. ಎರಡು ಸೆಕೆಂಡಿನ ಕೆಲಸ. ನೋವಿಗಿಂತ ಅಯೋಡಿನ್‌ನ ಉರಿಯೇ ಜಾಸ್ತಿ ಅಂತ ರೋಗಿಗಳು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ಹೊಸ ನಾಳಗಳು ಬಾಡುತ್ತವೆ. ಆದರೆ ಆ ಪರಿಣಾಮ ನಾಲ್ಕರಿಂದ ಆರು ವಾರ ಮಾತ್ರ. ಅಪರೂಪಕ್ಕೆ, ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ, ಸೋಂಕು ಆಗಬಹುದು. ಇತ್ತೀಚೆಗೆ ಹೃದಯಾಘಾತವೋ ಲಕ್ವವೋ ಆಗಿದ್ದರೆ ಮೊದಲೇ ಹೇಳಬೇಕು, ಆಗ ಲೆಕ್ಕ ಬೇರೆ.

ಆ ಬಿಡುವಿನಲ್ಲಿ ಲೇಸರ್ ಆಗಬೇಕು. ಹಸಿದ ರೆಟಿನಾದ ಅಂಚಿನ ಭಾಗವನ್ನು ಸಾವಿರಕ್ಕೂ ಹೆಚ್ಚು ಸಣ್ಣ ಚುಕ್ಕೆಗಳಾಗಿ ಸುಟ್ಟು, ನಡುಭಾಗಕ್ಕೆ ಇರುವಷ್ಟು ರಕ್ತ ಸಾಲುವಂತೆ ಮಾಡುವುದು. ಎರಡು ಮೂರು ಸಲ ಕೂರಬೇಕು, ಸ್ವಲ್ಪ ಚುರ್ ಅನ್ನುತ್ತದೆ. ಪಕ್ಕದ ನೋಟ, ರಾತ್ರಿಯ ನೋಟ ಸ್ವಲ್ಪ ಕಡಿಮೆ ಆಗುತ್ತದೆ. ನೇರವಾಗಿ ಹೇಳುತ್ತೇನೆ, ಈ ಕಾಯಿಲೆಯಲ್ಲಿ ಲೇಸರ್ ಶುಗರ್ ಕಣ್ಣಿನಲ್ಲಿ ಮಾಡಿದಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಹಲವರಲ್ಲಿ ಹೊಸ ನಾಳ ಹಠ ಹಿಡಿದು ನಿಲ್ಲುತ್ತದೆ. ಆದರೂ ಐರಿಸ್ ಮೇಲೆ ನಾಳ ಬಂದ ಮೇಲೆ ಲೇಸರ್ ಬಿಡುವುದು ನನ್ನ ಮಟ್ಟಿಗೆ ಸರಿಯಲ್ಲ. ಇಂಜೆಕ್ಷನ್ ಒಂದನ್ನೇ ನಂಬಿದರೆ ಆರು ವಾರಕ್ಕೊಮ್ಮೆ ಮೈಸೂರಿಗೆ ಬರಲೇಬೇಕು. ನಿಮ್ಮ ಕಡೆಯಿಂದ ಸುಮಾರು ನೂರು ಕಿಲೋಮೀಟರ್. ಜುಲೈ ಮಳೆಯಲ್ಲಿ ರಸ್ತೆಗೆ ಮರ ಬಿದ್ದ ದಿನ ಆ ಒಂದು ಭೇಟಿ ತಪ್ಪಿದರೆ ಕಣ್ಣು ಹೋಗಬಹುದು.

ಪ್ರೆಶರ್ ಇಳಿಸುವ ಹನಿಗಳಲ್ಲೂ ಆಯ್ಕೆ ಇದೆ. ಟಿಮೊಲಾಲ್ ಕೊಡುವುದಿದ್ದರೆ ಆಸ್ತಮಾ ಇದೆಯಾ, ನಾಡಿ ನಿಧಾನವಾ ಅಂತ ಹೇಳಿ. ಪೈಲೋಕಾರ್ಪಿನ್, ಪ್ರೋಸ್ಟಾಗ್ಲಾಂಡಿನ್ ಜಾತಿಯ ಹನಿಗಳನ್ನು ನಾವು ಈ ಕಣ್ಣಿಗೆ ಸಾಮಾನ್ಯವಾಗಿ ಬಳಸುವುದಿಲ್ಲ, ಒಳಗಿನ ಉರಿಯೂತ ಜಾಸ್ತಿ ಮಾಡುತ್ತವೆ. ಪಕ್ಕದ ಮನೆಯವರ ಗ್ಲುಕೋಮಾ ಹನಿ ತಂದು ಹಾಕುವುದಂತೂ ಬೇಡವೇ ಬೇಡ.

ಪೊರೆಯೂ ಸ್ವಲ್ಪ ಇರಬಹುದು. ಅದಕ್ಕೆ ಈಗ ಅವಸರ ಬೇಡ. ಐರಿಸ್ ಮೇಲೆ ನಾಳ ಇರುವಾಗ ಪೊರೆ ತೆಗೆದರೆ ಕಣ್ಣಿನೊಳಗೆ ರಕ್ತ ಸುರಿಯಬಹುದು. ಲೇಸರ್‌ಗೆ ದಾರಿಯೇ ಕಾಣದಷ್ಟು ಪೊರೆ ಗಟ್ಟಿಯಾಗಿದ್ದರೆ ಆಗ ಯೋಚಿಸಬೇಕು.

ಕತ್ತಿನ ಕಡೆಗೆ ಬರೋಣ. ದಾರಿ ಮೂರು. ಔಷಧಿ, ಆಪರೇಷನ್, ಸ್ಟೆಂಟ್.

ಔಷಧಿ ಮೂರರಲ್ಲೂ ಇರಲೇಬೇಕು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್. ಸ್ಟ್ಯಾಟಿನ್ ಬಗ್ಗೆ 'ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಇನ್ನು ಬಿಡೋಣ' ಅಂತ ನಿಲ್ಲಿಸುವವರು ಬಹಳ. ನಾರ್ಮಲ್ ಬಂದಿದ್ದು ಮಾತ್ರೆಯಿಂದಲೇ. ಅದು ಕೊಬ್ಬಿನ ಗಡ್ಡೆಯ ಮೇಲಿನ ಪದರವನ್ನು ಗಟ್ಟಿ ಮಾಡುತ್ತದೆ, ಚೂರು ಕಿತ್ತು ಬರದ ಹಾಗೆ ನೋಡಿಕೊಳ್ಳುತ್ತದೆ.

ಆಪರೇಷನ್‌ನಲ್ಲಿ ಕತ್ತಿನ ಪಕ್ಕದಲ್ಲಿ ಕೊಯ್ದು, ನಾಳ ತೆರೆದು, ಒಳಗೆ ಕಟ್ಟಿದ ಕೊಬ್ಬಿನ ಪದರವನ್ನು ಬಿಡಿಸಿ ತೆಗೆದು ಹೊಲಿಯುತ್ತಾರೆ. 1950ರ ದಶಕದಿಂದ ನಡೆದು ಬಂದಿರುವ ಆಪರೇಷನ್ ಇದು. ನಿಮ್ಮ ನೆಂಟರ ಹೆದರಿಕೆ ಪೂರ್ತಿ ಸುಳ್ಳಲ್ಲ. ಆಪರೇಷನ್ ಸಮಯದಲ್ಲೇ ಚೂರು ಮೇಲೆ ಹೋಗಿ ಲಕ್ವ ಆಗುವ ಸಾಧ್ಯತೆ ಇದೆ. ಆದರೆ ಆ ಅಪಾಯವನ್ನು, ಏನೂ ಮಾಡದೆ ಕೂತರೆ ಇರುವ ಅಪಾಯದ ಪಕ್ಕದಲ್ಲಿಟ್ಟು ನೋಡಬೇಕು. 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ನಾಸೆಟ್ ಅಧ್ಯಯನ ಇದನ್ನೇ ಅಳೆಯಿತು. ನಾಳ 70ರಿಂದ 99 ಭಾಗ ಮುಚ್ಚಿದ್ದು, ಕಣ್ಣಿಗೋ ಮೆದುಳಿಗೋ ಲಕ್ಷಣ ಕಂಡಿದ್ದವರಲ್ಲಿ, ಔಷಧಿ ಮಾತ್ರ ತೆಗೆದುಕೊಂಡ 100 ಜನರಲ್ಲಿ 26 ಮಂದಿಗೆ ಎರಡು ವರ್ಷದೊಳಗೆ ಆ ಬದಿಯ ಲಕ್ವ ಆಯಿತು. ಆಪರೇಷನ್ ಆದವರಲ್ಲಿ 9 ಮಂದಿಗೆ. ಆಪರೇಷನ್ ವೇಳೆ ಆದ ಲಕ್ವಗಳೂ ಆ 9ರಲ್ಲೇ ಸೇರಿವೆ.

ಆದರೆ ಈ ಅಂಕಿಗಳನ್ನು ಹಾಗೇ ನಿಮ್ಮ ತಂದೆಯವರಿಗೆ ಹಾಕಬೇಡಿ. ಆ ಕಾಲದಲ್ಲಿ ಸ್ಟ್ಯಾಟಿನ್ ಬಳಕೆ ಕಡಿಮೆ ಇತ್ತು. ಇಂದಿನ ಔಷಧಿಯಲ್ಲಿ ಅಪಾಯ ಅದಕ್ಕಿಂತ ಕಡಿಮೆ. ಲಕ್ಷಣ ಕಣ್ಣಿಗೆ ಮಾತ್ರ ಬಂದವರಲ್ಲಿ, ಮೆದುಳಿಗೆ ಬಂದವರಿಗಿಂತ ಮುಂದಿನ ಲಕ್ವದ ಅಪಾಯ ಸುಮಾರು ಅರ್ಧ. ಇನ್ನೊಂದು ಕಡೆ, ಅವರು ಗಂಡಸು, ಶುಗರ್ ಇದೆ, ಸಿಗರೇಟು ಇದೆ, 90 ಭಾಗ ಮುಚ್ಚಿದೆ, ಲಕ್ಷಣ ಕಂಡು ಆರು ತಿಂಗಳಾಗಿಲ್ಲ. ಇದನ್ನೆಲ್ಲ ತೂಗಿದರೆ, ಹೃದಯ ತಡೆದುಕೊಳ್ಳುತ್ತದೆ ಅಂತ ಆದರೆ, ಕತ್ತಿನ ದಾರಿ ತೆರೆಸುವ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಸ್ಟೆಂಟ್ ಅಂದರೆ ತೊಡೆಸಂದಿಯ ನಾಳದಿಂದ ತಂತಿ ಕಳಿಸಿ, ಕಿರಿದಾದ ಜಾಗದಲ್ಲಿ ಬಲೆಯಂಥ ಕೊಳವೆ ಇಡುವುದು. ಕೊಯ್ಯುವುದಿಲ್ಲ, ಅರಿವಳಿಕೆ ಕಡಿಮೆ. ಅದಕ್ಕೇ ಎಲ್ಲರಿಗೂ ಇದೇ ಸುಲಭ ಅನ್ನಿಸುತ್ತದೆ. 2010ರ ಕ್ರೆಸ್ಟ್ ಅಧ್ಯಯನದಲ್ಲಿ ಎರಡನ್ನೂ ಹೋಲಿಸಿದಾಗ, ಚಿಕಿತ್ಸೆಯ ಸಮಯದ ಲಕ್ವ ಸ್ಟೆಂಟ್‌ನಲ್ಲಿ ಶೇ 4.1, ಆಪರೇಷನ್‌ನಲ್ಲಿ ಶೇ 2.3. ಹೃದಯಾಘಾತ ಅದಕ್ಕೆ ತಿರುಗುಮುರುಗು, ಸ್ಟೆಂಟ್‌ನಲ್ಲಿ 1.1, ಆಪರೇಷನ್‌ನಲ್ಲಿ 2.3. 70 ದಾಟಿದವರಿಗೆ ಸಾಮಾನ್ಯವಾಗಿ ಆಪರೇಷನ್ ಒಳ್ಳೆಯದು, ವಯಸ್ಸಾದ ನಾಳ ಅಂಕುಡೊಂಕಾಗಿ ತಂತಿ ಹೋಗುವುದು ಕಷ್ಟ. ಹೃದಯ ದುರ್ಬಲ ಇದ್ದವರಿಗೆ, ಹಿಂದೆ ಕತ್ತಿಗೆ ರೇಡಿಯೇಷನ್ ಆದವರಿಗೆ ಸ್ಟೆಂಟ್ ವಾಸಿ. 67 ಅಂದರೆ ಗಡಿಯ ಮೇಲಿನ ವಯಸ್ಸು. ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ ನಾಳದ ಆಕಾರ ನೋಡಿದ ಮೇಲೆ ಸರ್ಜನ್ ನಿರ್ಧರಿಸಲಿ. ಶುಗರ್ ಇರುವುದರಿಂದ ಆ ಟೆಸ್ಟಿನ ಮೊದಲು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಹೇಳಿ.

ಸರ್ಜನ್ ಹತ್ತಿರ ಒಂದು ಪ್ರಶ್ನೆ ಕೇಳಲು ಹಿಂಜರಿಯಬೇಡಿ: 'ಸಾರ್, ವರ್ಷಕ್ಕೆ ನೀವು ಇಂಥವು ಎಷ್ಟು ಮಾಡುತ್ತೀರಿ, ಎಷ್ಟು ಜನರಿಗೆ ಲಕ್ವ ಆಗಿದೆ?' ಲಕ್ಷಣ ಇರುವವರಲ್ಲಿ ಈ ಅಪಾಯ ಶೇ 6ಕ್ಕಿಂತ ಕಡಿಮೆ ಇರಬೇಕು ಅನ್ನುವುದು ಒಪ್ಪಿತ ಅಳತೆ. ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆ ಕೇಳಿದರೆ ಬೇಸರ ಆಗುವುದಿಲ್ಲ. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ದನಿ ಒಡೆಯಬಹುದು, ನಾಲಿಗೆ ಒಂದು ಕಡೆ ಎಳೆಯಬಹುದು, ಕಿವಿಯ ಹಾಲೆ ಜೋಮು ಹಿಡಿದಂತೆ ಇರಬಹುದು. ಹೆಚ್ಚಿನವರಿಗೆ ಸರಿಹೋಗುತ್ತದೆ.

ಕಣ್ಣಿನ ಡಾಕ್ಟರಾಗಿ ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಕತ್ತಿನ ಡಾಕ್ಟರು, ಕಣ್ಣಿನ ಡಾಕ್ಟರು ಪರಸ್ಪರ ಮಾತಾಡಬೇಕು. ಕತ್ತು ತೆರೆದ ಕೂಡಲೇ ಕಣ್ಣಿಗೆ ರಕ್ತ ಬರುತ್ತದೆ. ಇಷ್ಟು ದಿನ ಕಡಿಮೆ ತಯಾರಾಗುತ್ತಿದ್ದ ಕಣ್ಣಿನ ನೀರು ಒಮ್ಮೆಲೇ ಜಾಸ್ತಿ ಆಗುತ್ತದೆ. ಹೊರಹೋಗುವ ಮೂಲೆ ಹೊಸ ನಾಳದಿಂದ ಮುಚ್ಚಿದ್ದರೆ ಪ್ರೆಶರ್ ಜಿಗಿಯುತ್ತದೆ. ಕತ್ತಿನ ಆಪರೇಷನ್ ಚೆನ್ನಾಗಿ ಆಗಿ, ಐದನೇ ದಿನ ಕಣ್ಣು ಸಿಡಿಯುವ ನೋವಿನಿಂದ ನನ್ನ ಬಳಿ ಬಂದ ಒಬ್ಬ ಹಿರಿಯರು ನೆನಪಿನಲ್ಲಿದ್ದಾರೆ. ಅವರ ಮನೆಯವರು ತಲೆನೋವು ಅಂತ ಎರಡು ದಿನ ಮಾತ್ರೆ ಕೊಟ್ಟಿದ್ದರು. ಹಾಗಾಗಿ ಇಂಜೆಕ್ಷನ್, ಲೇಸರ್ ಮೊದಲು ಶುರುವಾಗಲಿ, ಆದರೆ ಅದಕ್ಕಾಗಿ ಕತ್ತಿನದ್ದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ಡಿಸ್ಚಾರ್ಜ್ ಆಗುವ ಮೊದಲು ಒಮ್ಮೆ, ಆಮೇಲೆ ಒಂದು ವಾರದೊಳಗೆ ಒಮ್ಮೆ ಕಣ್ಣಿನ ಪ್ರೆಶರ್ ನೋಡಿಸಿ. ಜೋರು ತಲೆನೋವು ಬಂದರೆ ಸರ್ಜನ್‌ಗೂ ಫೋನ್ ಮಾಡಿ, ಮೆದುಳಿಗೆ ಒಮ್ಮೆಲೇ ರಕ್ತ ಜಾಸ್ತಿಯಾದಾಗಲೂ ಹಾಗಾಗುತ್ತದೆ.

ಸಿ.ಟಿ.ಯಲ್ಲಿ ನಾಳ 100 ಭಾಗ ಮುಚ್ಚಿಹೋಗಿದೆ ಅಂತ ಬಂದರೆ ಲೆಕ್ಕ ಬದಲಾಗುತ್ತದೆ. ಪೂರ್ತಿ ಮುಚ್ಚಿದ್ದನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ. ಆಗ ಔಷಧಿ, ಕಣ್ಣಿನ ಚಿಕಿತ್ಸೆ, ಎಡಗಡೆಯ 40 ಭಾಗದ ನಾಳದ ಮೇಲೆ ವರ್ಷವರ್ಷ ಕಣ್ಣಿಡುವುದು, ಇಷ್ಟು.

ಹೃದಯವನ್ನು ಮರೆಯಬೇಡಿ. ಕತ್ತಿನ ನಾಳ ಹೀಗಿದ್ದರೆ ಹೃದಯದ ನಾಳ ಹೇಗಿರಬೇಕು? ಈ ಕಣ್ಣಿನ ಕಾಯಿಲೆ ಬಂದವರಲ್ಲಿ ಸುಮಾರು ಶೇ 40 ಮಂದಿ ಐದು ವರ್ಷದೊಳಗೆ ತೀರಿಕೊಂಡರು, ಹೆಚ್ಚಿನವರು ಹೃದಯಾಘಾತದಿಂದ ಅಂತ ಹಳೆಯ ಅಧ್ಯಯನಗಳು ಹೇಳುತ್ತವೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಇಸಿಜಿ, ಎಕೋ, ಹೃದಯ ತಜ್ಞರ ಅಭಿಪ್ರಾಯ ಇಲ್ಲದೆ ಕತ್ತಿನ ನಿರ್ಧಾರ ಆಗಬಾರದು, ಅದಕ್ಕಾಗಿ ಬರೆದೆ. ಜೊತೆಗೆ ಉರಿಯೂತ ಇದೆಯಾ ಅಂತ ತಿಳಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ. ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೋವು ಇದೆಯಾ ಅಂತ ಅವರನ್ನು ಕೇಳಿ. ಇದ್ದರೆ ಅದು ಇನ್ನೊಂದು ಕಾಯಿಲೆ, ತಲೆಯ ರಕ್ತನಾಳಗಳ ಉರಿಯೂತ ಇರಬಹುದು, ಅದಕ್ಕೆ ಸ್ಟೀರಾಯ್ಡ್ ಬೇಕಾಗುತ್ತದೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೇನೆಯ ಪಿಂಚಣಿದಾರರಾದ್ದರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇರಬೇಕು. ಆ ಯೋಜನೆಯ ಪಾಲಿಕ್ಲಿನಿಕ್‌ಗೆ ಒಮ್ಮೆಲೇ ಹೋಗಿ ಕಣ್ಣಿಗೆ, ಕತ್ತಿಗೆ ಎರಡಕ್ಕೂ ರೆಫರಲ್ ಪತ್ರ ಕೇಳಿ. ಒಂದಕ್ಕೆ ತಂದು, ಇನ್ನೊಂದಕ್ಕೆ ಮತ್ತೆ ಬೆಟ್ಟ ಹತ್ತಿ ಇಳಿಯುವುದರಲ್ಲಿ ಒಂದು ವಾರ ಹೋಗುತ್ತದೆ.

ದೃಷ್ಟಿ ವಾಪಸ್ ಬರುತ್ತದಾ ಅಂತ ಕೇಳಿದ್ದೀರಿ. ಕೆಲವರಿಗೆ ಸ್ವಲ್ಪ ಬರುತ್ತದೆ, ಮುಖ್ಯವಾಗಿ ಪ್ರೆಶರ್ ಏರುವ ಮೊದಲೇ ಕತ್ತಿನ ದಾರಿ ತೆರೆದವರಿಗೆ. ಹೆಚ್ಚಿನವರಿಗೆ ಇದ್ದಷ್ಟು ಉಳಿಯುತ್ತದೆ. ಐರಿಸ್ ಮೇಲೆ ನಾಳ ಬಂದ ಮೇಲೆ ಆ ಆಸೆ ಕಡಿಮೆ. ಓದುವಷ್ಟು ಬರುತ್ತದೆ ಅಂತ ನಾನು ಭರವಸೆ ಕೊಟ್ಟರೆ ಸುಳ್ಳಾಗುತ್ತದೆ. ನೋವಿಲ್ಲದ ಕಣ್ಣು, ಇರುವಷ್ಟು ಬೆಳಕು, ಲಕ್ವ ಇಲ್ಲದ ಕೈಕಾಲು, ಇದಕ್ಕಾಗಿ ಹೋರಾಡುತ್ತಿದ್ದೇವೆ.

ಕೋವಿಯ ಮಾತು ಓದಿ ಮನಸ್ಸಿಗೆ ತಟ್ಟಿತು. ಸೇನೆಯಲ್ಲಿದ್ದವರಿಗೆ, ಅದೂ ಕೊಡಗಿನ ಮನೆಯಲ್ಲಿ, ಅದು ಬರೀ ಆಟ ಅಲ್ಲ ಅಂತ ಗೊತ್ತು. ಎಡಗಣ್ಣು ಚೆನ್ನಾಗಿದ್ದು, ಕತ್ತಿನ ಗಾಯ ಒಣಗಿ, ಸರ್ಜನ್ ಒಪ್ಪಿದ ಮೇಲೆ ಎಡ ಭುಜಕ್ಕೆ ಕೋವಿ ಇಟ್ಟು ಕಲಿಯಬಹುದು. ಬಲಗೈ ರೂಢಿಯವರೂ ಹಾಗೆ ಕಲಿತಿದ್ದಾರೆ. ಆದರೆ ಈ ಎರಡು ತಿಂಗಳು ಬೇಡ. ಜೀಪು ಓಡಿಸುವುದೂ ಬೇಡ, ಘಾಟಿಯ ತಿರುವಿನಲ್ಲಿ ಪರದೆ ಇಳಿದರೆ ಐದು ನಿಮಿಷ ಬಹಳ ದೊಡ್ಡದು. ಮೆಣಸು ಬಿಡಿಸಲು ಏಣಿ ಹತ್ತುವುದನ್ನು ಪೂರ್ತಿ ಬಿಡಲಿ. ಒಂದು ಕಣ್ಣಿನಲ್ಲಿ ಮೆಟ್ಟಿಲ ಅಂತರ ಸರಿಯಾಗಿ ತಿಳಿಯುವುದಿಲ್ಲ. ಆಸ್ಪಿರಿನ್ ಮೇಲಿರುವವರು ಬಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಗೋಡೆಯ ಕ್ಯಾಲೆಂಡರ್ ಎದುರು, ದಿನಾ ಒಂದೇ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿ ತಾರೀಕು ಓದಿಸಿ. ಎಡಗಣ್ಣಿನ ಓದು ಒಂದು ದಿನ ಕಡಿಮೆ ಅನ್ನಿಸಿದರೂ ಅದೇ ದಿನ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಮತ್ತೆ ಪರದೆ ಇಳಿದರೆ, ಬಾಯಿ ಸೊಟ್ಟಗಾದರೆ, ಎಡಗೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ನೀರು ಕುಡಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ. ನಿಮ್ಮ ಮನೆಗೆ ಹತ್ತಿರ, ರಾತ್ರಿಯೂ ಸಿ.ಟಿ. ಮಾಡುವ ಆಸ್ಪತ್ರೆ ಯಾವುದು ಅಂತ ನಾಳೆಯೇ ವಿಚಾರಿಸಿ, ಆ ನಂಬರನ್ನು ಅದೇ ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.